ಸೊಲ್ಲು ಹಿಡಿಯುವವರು

ಕೇಳುಗರೆಲ್ಲರಿಗೂ ನಮಸ್ಕಾರ.

ಅರಸೀಕೆರೆಗೂ ಹಾಸನಕ್ಕೂ ನಡುವೆ ಇರುವುದು ಸುಮಾರು 40 ಕಿಲೋಮೀಟರ್ ಮಾತ್ರ. ಆದರೆ ನನ್ನ ದಮ್ಮಡಿಯ ಪಾಲಿಗೆ ಇದು ಬೇರೆಯೇ ಸೀಮೆ ಎಂಬುದು ನನಗೆ ತಿಳಿದದ್ದು ಈ ನಗರಕ್ಕೆ ಬಂದ ಮೊದಲ ಆಷಾಢದಲ್ಲಿ. ನಮ್ಮದು ತೆಂಗಿನ ತೋಟಗಳ ಬಯಲುಸೀಮೆ. ಆಡಿನ ಚರ್ಮ ಬಿಗಿದ ದಮ್ಮಡಿ ಅಲ್ಲಿಯ ಬಿಸಿಲಿಗೆ ವರ್ಷದ ಬಹುಪಾಲು ಹದವಾಗಿಯೇ ಇರುತ್ತದೆ. ಹಾಸನಕ್ಕೆ ಮಲೆನಾಡಿನ ಗಾಳಿ ಬಡಿಯುತ್ತದೆ. ಸೋನೆ ಹಿಡಿಯಿತೆಂದರೆ ಚರ್ಮ ತೇವ ಕುಡಿದು ಸಡಿಲಗೊಂಡು, ಬಾರಿಸಿದರೆ ಒದ್ದೆ ಗೋಣಿಚೀಲವನ್ನು ಬಡಿದಂತೆ ಸದ್ದು ಬರುತ್ತದೆ. ಊರಿನಲ್ಲಾದರೆ ಒಂದು ಹಿಡಿ ಹುಲ್ಲಿಗೆ ಬೆಂಕಿ ಹಚ್ಚಿ ಕಾಯಿಸಿಕೊಳ್ಳುತ್ತೇವೆ, ಸಭಾಂಗಣದಲ್ಲಿ ಅದಕ್ಕೆ ಆಸ್ಪದವಿಲ್ಲ. ನನ್ನ ಮೊದಲ ಕಾರ್ಯಕ್ರಮದ ಸಂಜೆ ಎದುರಿನ ಟೀ ಅಂಗಡಿಗೆ ಓಡಿ, ಒಲೆಯಿಂದ ಒಂದು ಗೇಣು ಮೇಲಕ್ಕೆ ದಮ್ಮಡಿಯನ್ನು ಹಿಡಿದು ತಿರುಗಿಸುತ್ತ, ಬೆರಳಿನಿಂದ ತಟ್ಟಿ ನಾದ ನೋಡುತ್ತ ನಿಂತಿದ್ದಾಗಲೇ ಒಳಗಿನಿಂದ ನನ್ನ ಹೆಸರು ಕೂಗಿದರು. "ಸಾಕು ಹೋಗಪ್ಪ, ಇನ್ನೂ ಕಾಯಿಸಿದ್ರೆ ಬಿರಿದುಹೋಗುತ್ತೆ" ಎಂದು ಅಂಗಡಿಯವರೇ ನನ್ನನ್ನು ಕಳುಹಿಸಿದರು.

ನಾನು ಹಾಡುವುದು ತತ್ವಪದ. ಕಲಿಸಿದವರು ನಮ್ಮ ದೊಡ್ಡಪ್ಪ, ಕಲಿತದ್ದು ಊರಿನ ಭಜನೆಮನೆಯಲ್ಲಿ. ಸೋರೆಬುರುಡೆಗೆ ಬಿದಿರು ಕೂಡಿಸಿ ಒಂದೇ ತಂತಿ ಬಿಗಿದ ಏಕತಾರಿ, ಒಂದು ದಮ್ಮಡಿ, ಎರಡು ಜೊತೆ ತಾಳ, ಇಷ್ಟೇ ನಮ್ಮ ಸರಂಜಾಮು. ಮುಂದೆ ಹಾಡುವವನು ಒಂದು ನುಡಿ ಮುಗಿಸುತ್ತಲೇ ಉಳಿದವರು ಸೊಲ್ಲು ಹಿಡಿಯುತ್ತಾರೆ, ಅಂದರೆ ಪಲ್ಲವಿಯನ್ನು ಎತ್ತಿಕೊಂಡು ಮರಳಿ ಮರಳಿ ಹಾಡುತ್ತಾರೆ. ಅಷ್ಟರಲ್ಲಿ ಅವನು ಉಸಿರು ತುಂಬಿಕೊಳ್ಳುತ್ತಾನೆ, ಮುಂದಿನ ನುಡಿಯನ್ನು ನೆನಪಿಗೆ ತಂದುಕೊಳ್ಳುತ್ತಾನೆ, ಕೇಳುವವರ ಮನಸ್ಸಿಗೆ ಹಿಂದಿನ ನುಡಿಯ ಅರ್ಥ ಇಳಿಯುತ್ತದೆ. "ಸೊಲ್ಲು ಹಿಡಿಯೋರಿಲ್ದಿದ್ರೆ ಪದ ಅರ್ಧಕ್ಕೇ ನಿಂತಂಗೆ ಕಣೋ ಮಗ" ಎನ್ನುತ್ತಿದ್ದರು ದೊಡ್ಡಪ್ಪ. ನಗರಕ್ಕೆ ಬರುವಾಗ ನಾನು ಏಕತಾರಿಯನ್ನೂ ದಮ್ಮಡಿಯನ್ನೂ ತಂದೆ, ಸೊಲ್ಲು ಹಿಡಿಯುವವರನ್ನು ತರಲಾಗಲಿಲ್ಲ.

ಹಗಲು ತರಕಾರಿ ಮಂಡಿಯಲ್ಲಿ ಲೆಕ್ಕ ಬರೆಯುವುದು, ಸಂಜೆ ಕರೆದಲ್ಲಿ ಹಾಡುವುದು ನನ್ನ ದಿನಚರಿಯಾಯಿತು. ಒಂದು ವಾದ್ಯಗೋಷ್ಠಿಯಲ್ಲಿ ಕೀಬೋರ್ಡ್ ನುಡಿಸುವವರು ನನ್ನ ಶ್ರುತಿ ಎಷ್ಟು ಎಂದು ಕೇಳಿದಾಗ ನನಗೆ ಉತ್ತರ ತಿಳಿದಿರಲಿಲ್ಲ. ಅಲ್ಲಿಯವರೆಗೆ ಗಂಟಲಿಗೆ ಹೊಂದುವಷ್ಟು ಬಿರಟೆ ತಿರುಗಿಸುವುದೇ ನನ್ನ ಶ್ರುತಿಯಾಗಿತ್ತು. ಇದು ಆರ್.ಕೆ. ಶ್ರೀಕಂಠನ್ ಮೊದಲಾದ ವಿದ್ವಾಂಸರನ್ನು ಕರ್ನಾಟಕ ಸಂಗೀತಕ್ಕೆ ಕೊಟ್ಟ ರುದ್ರಪಟ್ಟಣವಿರುವ ಜಿಲ್ಲೆ, ಶ್ರುತಿಯ ವಿಷಯದಲ್ಲಿ ಇಲ್ಲಿಯ ಕಿವಿಗಳು ಸೂಕ್ಷ್ಮವಾಗಿರುವುದು ಸಹಜವೇ. ಕೊನೆಗೆ ಸಂಗೀತದ ಮೇಷ್ಟ್ರೊಬ್ಬರು ನನ್ನನ್ನು ಹಾರ್ಮೋನಿಯಂ ಮುಂದೆ ಕೂರಿಸಿಕೊಂಡು ಒಂದೊಂದೇ ಮನೆಯನ್ನು ಒತ್ತುತ್ತ ಬಂದರು. 'ಕಪ್ಪು ಒಂದು' ಎಂಬ ಮನೆಯ ಮೇಲೆ ಬೆರಳಿಟ್ಟಾಗ ನನ್ನ ತಂತಿಯೂ ಆ ಸ್ವರವೂ ಬೇರೆಯೆನಿಸದಂತೆ ಬೆರೆತುಹೋದವು. ಅವರಿಗೆ ನಾನು ಇಂದಿಗೂ ಋಣಿ.

ಶ್ರುತಿಯನ್ನು ಕಲಿಯಬಹುದು, ಕಲಿತೆ. ನನ್ನನ್ನು ನೋಯಿಸಿದ್ದು ಸಮಯ. ಭಜನೆಮನೆಯಲ್ಲಿ ಬೆಳಗಿನ ಜಾವದವರೆಗೆ ನಡೆಯುವ ಹಾಡಿಕೆಗೆ ಇಲ್ಲಿ ಐದು ನಿಮಿಷ. ತತ್ವಪದದಲ್ಲಿ ಕವಿಯ ಅಂಕಿತ ಬರುವುದು ಕೊನೆಯ ನುಡಿಯಲ್ಲಿ. ಶರೀಫರ ಪದವಾದರೆ ಶಿಶುನಾಳಧೀಶನ ಹೆಸರು ಅಲ್ಲಿಯೇ ಬರುತ್ತದೆ. ಮೂರನೆಯ ನುಡಿಗೇ ಪಕ್ಕದಿಂದ ಕೈಸನ್ನೆ ಬಂದು ಹಾಡು ನಿಂತರೆ, ಪದ ಕಟ್ಟಿದವರ ಹೆಸರನ್ನೇ ಹೇಳದೆ ವೇದಿಕೆಯಿಂದ ಇಳಿದುಬಂದಂತಾಗುತ್ತದೆ. ಹೀಗೆ ಇಳಿದುಬಂದ ಒಂದು ರಾತ್ರಿ ಶಾಲು, ಹಾರ ಕೊಟ್ಟರು, ಬಸ್ಸಿನ ಖರ್ಚನ್ನು ಕೊಡಲಿಲ್ಲ. ಆದರೂ ಅಂದು ನನ್ನನ್ನು ಕಾಡಿದ್ದು ಹಣವಲ್ಲ, ಹೇಳದೆ ಉಳಿದ ಆ ಅಂಕಿತ. ಆ ಬಳಿಕ ನಡುವಿನ ನುಡಿಗಳನ್ನು ಬಿಟ್ಟಾದರೂ ಅಂಕಿತದ ನುಡಿಯನ್ನು ಹಾಡಿಯೇ ತೀರಬೇಕೆಂದು ನಿಶ್ಚಯಿಸಿದೆ. ಮೊದಲೇ ಧ್ವನಿಮುದ್ರಿಸಿದ ಟ್ರ್ಯಾಕಿಗೆ ಹಾಡುವುದನ್ನೂ ಬಿಟ್ಟೆ, ಏಕೆಂದರೆ ಟ್ರ್ಯಾಕು ಹಾಡುವವನ ಉಸಿರಿಗೆ ಕಾಯುವುದಿಲ್ಲ.

ಸೊಲ್ಲು ಹಿಡಿಯುವವರು ಸಿಕ್ಕಿದ್ದು ನಾನು ಹುಡುಕಿದ ಕಡೆಯಲ್ಲಿ ಅಲ್ಲ. ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಒಂದು ಮುಂಜಾನೆ ಲೆಕ್ಕದ ಪುಸ್ತಕ ತೆರೆದು ಯಾವುದೋ ಪದವನ್ನು ಗುನುಗುತ್ತಿದ್ದೆ. ನುಡಿ ಮುಗಿದಲ್ಲಿ, ಪಕ್ಕದಲ್ಲಿ ಸೇವಂತಿಗೆ ಕಟ್ಟುತ್ತಿದ್ದ ಹೊಳೆನರಸೀಪುರದ ಕಡೆಯ ಅಕ್ಕ ತಲೆಯೆತ್ತದೆ, ಕೈಯ ದಾರವನ್ನು ನಿಲ್ಲಿಸದೆ, ಸೊಲ್ಲು ಹಿಡಿದರು. ಸೋಬಾನೆ ಹಾಡಿ ಪಳಗಿದ ಗಂಟಲು ಅದು. "ನಮ್ಮೂರ ಭಜನೇಲೂ ಇದನ್ನ ಹಾಡ್ತಾರೆ ಕಣಪ್ಪ" ಎಂದರು. ಮಂಡಿಯಲ್ಲಿ ಮೂಟೆ ಹೊರುವ ಒಬ್ಬ ಹುಡುಗ ತಾಳ ಹಿಡಿಯಲು ಬಂದ. ಅಂಗಡಿಗಳ ಬಾಗಿಲು ಹಾಕಿದ ಮೇಲೆ ಮೂಟೆಗಳ ನಡುವೆ ಕುಳಿತು ನಾವು ಮೂವರು ಹಲವು ತಿಂಗಳು ಹಾಡಿಕೊಂಡೆವು.

ಮೂವರೂ ಕೂಡಿ ಹಾಡಿದ ಮೊದಲ ಕಾರ್ಯಕ್ರಮದಲ್ಲಿ ನಮಗಿದ್ದದ್ದು ಒಂದೇ ಮೈಕು, ಅದರ ಸುತ್ತ ಮೂರು ಮುಖಗಳು. ನಾಲ್ಕನೆಯ ನುಡಿಯ ಹೊತ್ತಿಗೆ ಪಕ್ಕದಿಂದ ಕೈಸನ್ನೆ ಬಂತು, ನನಗೆ ಉಸಿರು ಕಟ್ಟಿತು. ಅಕ್ಕ ಅತ್ತ ನೋಡಲೂ ಇಲ್ಲ. ಎರಡು ಸಲ ಹಾಡುವ ಸೊಲ್ಲನ್ನು ಮೂರನೆಯ ಸಲವೂ ಎತ್ತಿದರು, ಆ ಬಿಡುವಿನಲ್ಲಿ ಉಸಿರು ತುಂಬಿಕೊಂಡು ನಾನು ನೇರವಾಗಿ ಅಂಕಿತದ ನುಡಿಗೆ ಬಂದೆ.

ನಮಸ್ಕಾರ.