ಗೆಜ್ಜೆ ಚೀಲದಲ್ಲಿ ಗ್ಲೂಕೋಸ್ ಪುಡಿ ಯಾಕೆ?

[ಪರದೆ: ಚಾಪೆ ಮೇಲೆ ಗೆಜ್ಜೆ, ಗ್ಲೂಕೋಮೀಟರ್, ಇನ್ಸುಲಿನ್ ಪೆನ್, ಗ್ಲೂಕೋಸ್ ಡಬ್ಬಿ]

ನಮಸ್ಕಾರ. ನಾನು ಬಾಗಲಕೋಟೆ ನವನಗರದವಳು. ಭರತನಾಟ್ಯ ಕಲಿಯುತ್ತಿದ್ದೇನೆ, ಟೈಪ್ 1 ಡಯಾಬಿಟಿಸ್ ಇದೆ. ಇಷ್ಟನ್ನೂ ಒಂದೇ ಉಸಿರಲ್ಲಿ ಹೇಳಿದರೆ ಜನ ಕೊನೆಯದನ್ನು ಮಾತ್ರ ಹಿಡಿದುಕೊಳ್ಳುತ್ತಾರೆ. "ಅಯ್ಯ, ಇಷ್ಟ ಸಣ್ಣಾಕಿಗೆ ಸಕ್ಕರಿ ಬ್ಯಾನಿ ಏನ? ಬಾಳ ಸಿಹಿ ತಿಂತಿದ್ದೇನವಾ?"

ಸಿಹಿ ತಿಂದು ಬಂದದ್ದಲ್ಲ. ದೇಹದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ, ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಹಾಳು ಮಾಡುತ್ತದೆ. ಆಮೇಲೆ ಹೊರಗಿನಿಂದಲೇ ಇನ್ಸುಲಿನ್ ಹಾಕಿಕೊಳ್ಳಬೇಕು. ಹಾಗಲಕಾಯಿ ರಸ, ಮೆಂತ್ಯ ಯಾವುದೂ ಅದರ ಬದಲಿಗೆ ನಡೆಯಲ್ಲ. 1922ರ ಜನವರಿಯಲ್ಲಿ ಟೊರಾಂಟೊದ 14 ವರ್ಷದ ಹುಡುಗ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದರು. ಅದಕ್ಕೂ ಮುಂಚೆ ನನ್ನಂಥವರು ಹೆಚ್ಚು ಕಾಲ ಬದುಕುತ್ತಲೇ ಇರಲಿಲ್ಲ, ಕುಣಿಯೋದು ಎಲ್ಲಿಂದ ಬಂತು.

ಈಗ ಕುಣಿಯಬಹುದಾ? ಧಾರಾಳವಾಗಿ. ನ್ಯೂಯಾರ್ಕ್ ಸಿಟಿ ಬ್ಯಾಲೆ ತಂಡದ ನರ್ತಕಿ ಜಿಪೋರಾ ಕಾರ್ಜ್‌ಗೆ 21ನೇ ವಯಸ್ಸಿನಲ್ಲಿ ಡಯಾಬಿಟಿಸ್ ಗೊತ್ತಾಯಿತು. ಮೊದಲು ಟೈಪ್ 2 ಅಂದುಬಿಟ್ಟಿದ್ದರು, ಆಮೇಲೆ ಟೈಪ್ 1 ಅಂತ ತಿಳಿಯಿತು. ಇನ್ಸುಲಿನ್ ಹಾಕಿಕೊಂಡೇ ಅದೇ ತಂಡದಲ್ಲಿ ಸೋಲೋ ನರ್ತಕಿಯಾದರು, ಈಗ ಬೇರೆ ರೋಗಿಗಳಿಗೆ ತಿಳಿಹೇಳುತ್ತಾರೆ.

[ಪರದೆ: ಅರಮಂಡಿಯ ಹತ್ತಿರದ ದೃಶ್ಯ]

ಕುಣಿಯುವಾಗ ಒಳಗೆ ಏನಾಗುತ್ತದೆ ನೋಡಿ. ಸ್ನಾಯುಗಳು ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತವೆ, ಇತ್ತ ಮೊದಲೇ ಚುಚ್ಚಿಕೊಂಡ ಇನ್ಸುಲಿನ್ ತನ್ನ ಕೆಲಸ ತಾನು ಮಾಡುತ್ತಲೇ ಇರುತ್ತದೆ, ಎರಡೂ ಸೇರಿ ಸಕ್ಕರೆ ಸರ್ರನೆ ಇಳಿಯುತ್ತದೆ. ಅದಕ್ಕೇ ಕ್ಲಾಸ್ ಇರುವ ದಿನ ನಾನು ತೊಡೆಗೆ ಚುಚ್ಚಿಕೊಳ್ಳಲ್ಲ. ಅರಮಂಡಿಯಲ್ಲಿ, ಅಂದರೆ ಮಂಡಿ ಬಾಗಿಸಿ ಅರ್ಧ ಕೂತರೆ ಪೂರ್ತಿ ಕೆಲಸ ತೊಡೆಯದ್ದೇ, ಇನ್ಸುಲಿನ್ ಅಲ್ಲಿಂದ ಬೇಗ ರಕ್ತಕ್ಕೆ ಸೇರುತ್ತದೆ. ಶುರುವಿಗೆ ಮುಂಚೆ ಮೀಟರ್ 90ಕ್ಕಿಂತ ಕಡಿಮೆ ತೋರಿಸಿದರೆ ಏನಾದರೂ ತಿಂದೇ ಗೆಜ್ಜೆ ಕಟ್ಟುವುದು. 250 ದಾಟಿದ್ದರೆ ಕೀಟೋನ್ (ಇನ್ಸುಲಿನ್ ಸಾಲದೆ ದೇಹ ಕೊಬ್ಬು ಕರಗಿಸುವಾಗ ಬರುವ ಆಮ್ಲ) ನೋಡಬೇಕು, ಕೀಟೋನ್ ಬಂದಿದ್ದರೆ ಅವತ್ತು ಕುಣಿತ ಬಂದ್.

ವೇದಿಕೆ ಮೇಲೆ ಇನ್ನೊಂದು ಆಟ. ಹೆದರಿಕೆಗೆ ಅಡ್ರಿನಲಿನ್ ಏರುತ್ತದೆ, ಅದರ ಜೊತೆ ಸಕ್ಕರೆಯೂ ಏರುತ್ತದೆ. ಏರಿತು ಅಂತ ಗಾಬರಿಯಲ್ಲಿ ಇನ್ಸುಲಿನ್ ಜಾಸ್ತಿ ಹಾಕಿಕೊಂಡರೆ ರಾತ್ರಿ ಮಲಗಿದಾಗ ಕುಸಿಯಬಹುದು. ಜೋರಾಗಿ ಅಭ್ಯಾಸ ಮಾಡಿದ ದಿನವೂ ಅಷ್ಟೇ, ಮುಂದಿನ 24 ಗಂಟೆವರೆಗೂ ಇಳಿಯುವ ಸಾಧ್ಯತೆ ಇದೆ. ಮಲಗುವ ಮುಂಚೆ ಒಂದು ಸಲ ಬೆರಳು ಚುಚ್ಚಿ ಮೀಟರ್‌ನಲ್ಲಿ ಸಕ್ಕರೆ ನೋಡಿ.

ಚುಚ್ಚುವ ವಿಷಯ ಬಂತು, ಡ್ಯಾನ್ಸರ್‌ಗಳಿಗೆ ಒಂದು ಮಾತು. ಅಲ್ತಾ ಹಚ್ಚಿದ ಬೆರಳಲ್ಲಿ ರಕ್ತದ ಹನಿ ಕಾಣಲ್ಲ, ಕೆಂಪಿನ ಮೇಲೆ ಕೆಂಪು. ನಾನು ಎಡಗೈಯ ಉಂಗುರ ಬೆರಳನ್ನು ಬಿಟ್ಟು ಉಳಿದ ಬೆರಳುಗಳಿಗೆ ಹಚ್ಚಿಸಿಕೊಳ್ಳುತ್ತೇನೆ. ಆ ಬೆರಳನ್ನು ತೊಳೆದು, ಒರೆಸಿ, ತುದಿಗಲ್ಲ, ಪಕ್ಕಕ್ಕೆ ಚುಚ್ಚಿ ನೋಡಿದ ಮೇಲೆ ಅದಕ್ಕೂ ಅಲ್ತಾ. ಬಾದಾಮಿಯ ಮೊದಲ ಗುಹೆಯ ನಟರಾಜನಿಗೆ 18 ಕೈ, ಅವನಿಗೆ ಈ ತಾಪತ್ರಯ ಇಲ್ಲ ಬಿಡಿ.

[ಪರದೆ: ಸಕ್ಕರೆ ಕಲಸಿದ ನೀರಿನ ಲೋಟ, ಪಕ್ಕದಲ್ಲಿ ಕರದಂಟು]

ಸಕ್ಕರೆ 70ಕ್ಕಿಂತ ಕೆಳಗೆ ಹೋದರೆ ಲೋ. ಬೆವರು, ನಡುಕ, ಎದೆ ಡವಡವ. ತೊಂದರೆ ಏನಂದರೆ ಕುಣಿಯುವಾಗ ಎಲ್ಲರಿಗೂ ಬೆವರು, ಎಲ್ಲರಿಗೂ ಡವಡವ! ಹಾಗಾಗಿ ನನ್ನ ಗೆಳತಿಯರು ಬೇರೆ ಗುರುತು ಇಟ್ಟುಕೊಂಡಿದ್ದಾರೆ: ನನಗೆ ಚೆನ್ನಾಗಿ ಬರುವ ಜತಿಯಲ್ಲಿ (ತಾಳಕ್ಕೆ ಕುಣಿಯುವ ಹೆಜ್ಜೆಗಳ ಜೋಡಣೆ) ತಾಳ ತಪ್ಪಿದರೆ, ಸುಮ್ಮಸುಮ್ಮನೆ ಸಿಡುಕಿದರೆ, ಕೈ ಹಿಡಿದು ಕೂರಿಸುತ್ತಾರೆ. ಟೀ ಚಮಚದಲ್ಲಿ ಮೂರ್ನಾಲ್ಕು ಚಮಚ ಸಕ್ಕರೆ, ಅಂದರೆ ಸುಮಾರು 15 ಗ್ರಾಂ, ನೀರಲ್ಲಿ ಕಲಸಿ ಕುಡಿಸಬೇಕು. 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಏರದಿದ್ದರೆ ಇನ್ನೊಮ್ಮೆ.

ನಮ್ಮ ಕಡೆ ಪ್ರೀತಿ ಜಾಸ್ತಿ, ತಕ್ಷಣ ಅಮೀನಗಡ ಕರದಂಟು ತೆಗೆದು ಬಾಯಿಗಿಡುತ್ತಾರೆ. ಬೇಡ. ಅದರಲ್ಲಿ ತುಪ್ಪ, ಗೋಡಂಬಿ, ಅಂಟು ಇದೆ, ಕೊಬ್ಬಿನಿಂದಾಗಿ ಸಕ್ಕರೆ ರಕ್ತಕ್ಕೆ ಸೇರುವುದು ತಡ. ಆ ಹೊತ್ತಿಗೆ ಸಕ್ಕರೆ ನೀರು ಅಥವಾ ಗ್ಲೂಕೋಸ್ ಪುಡಿಯೇ ಸರಿ. ಕರದಂಟು ಆಮೇಲೆ ಕೊಡಿ, ನಾನೇನೂ ಬೇಡ ಅನ್ನಲ್ಲ.

ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಹನಿ ನೀರೂ ಹಾಕಬೇಡಿ. ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಇನ್ಸುಲಿನ್ ಅಂತೂ ಚುಚ್ಚಲೇಬೇಡಿ.

ಇಷ್ಟು ಸುಲಭದ ವಿಷಯ, ಆದರೆ ಪಕ್ಕದಲ್ಲಿರುವವರಿಗೆ ಗೊತ್ತಿದ್ದರೆ ಮಾತ್ರ ಅಲ್ವಾ? ಮನೆಗಳಲ್ಲಿ ಕೇಳಿಬರುವ ಮಾತು ಬೇರೆ. "ಯಾರ ಮುಂದೂ ಹೇಳಬ್ಯಾಡ ನೋಡವಾ, ನಾಳೆ ಮದುವಿ ಆಗೂ ಹುಡುಗಿ ನೀ." ಈ ಮಾತು ಕೇಳಿದರೆ ನನಗೆ ರೇಗುತ್ತದೆ. ಮುಚ್ಚಿಟ್ಟ ಹುಡುಗಿಗೆ ಲೋ ಆದಾಗ ಸುತ್ತಲಿನವರು ಉಪವಾಸ ಅಂತಲೋ ದೃಷ್ಟಿ ಅಂತಲೋ ನಿಂಬೆಹಣ್ಣು ಇಳಿಸುತ್ತಾ ಕೂರುತ್ತಾರೆ, ಅಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಹೊಸದಾಗಿ ಟೈಪ್ 1 ಅಂತ ಗೊತ್ತಾದ ಮಕ್ಕಳ ಮನೆಯವರು ಈಗ ನಮ್ಮ ಕ್ಲಾಸಿನ ಹಾಲ್‌ಗೆ ಬರುತ್ತಾರೆ. ಅವರ ಸಿರಿಂಜ್ ನೋಡುವುದೇ ನನ್ನ ಮೊದಲ ಕೆಲಸ. ಬಾಟಲಿ ಮೇಲೆ 40 ಐಯು (ಒಂದು ಎಂಎಲ್‌ಗೆ 40 ಯೂನಿಟ್) ಅಂತಿದ್ದರೆ ಕೆಂಪು ಮುಚ್ಚಳದ ಸಿರಿಂಜ್ ಬೇಕು. ಕಿತ್ತಳೆ ಮುಚ್ಚಳದ್ದು 100 ಐಯು ಬಾಟಲಿಗೆ. ಅದರಲ್ಲಿ 40ರ ಇನ್ಸುಲಿನ್ ಅನ್ನು 10ರ ಗೆರೆವರೆಗೆ ಎಳೆದರೆ ಮಗುವಿಗೆ ಸಿಗುವುದು 4 ಯೂನಿಟ್ ಮಾತ್ರ. ಪಾಪ, ಅವರಿಗೆ ಅಂಗಡಿಯಲ್ಲಿ ಯಾರೂ ಹೇಳಿರಲ್ಲ.

ಆಮೇಲೆ ನಮ್ಮ ಏಪ್ರಿಲ್-ಮೇ ಬಿಸಿಲು. ಫ್ರಿಜ್ ಇಲ್ಲದವರು ದೊಡ್ಡ ಮಡಕೆಯಲ್ಲಿ ಒದ್ದೆ ಮರಳು ಹಾಕಿ, ಅದರೊಳಗೆ ಚಿಕ್ಕ ಮಡಕೆ ಇಟ್ಟು, ಇನ್ಸುಲಿನ್ ಅನ್ನು ಮುಚ್ಚಿದ ಡಬ್ಬಿಯಲ್ಲಿ ಅದರೊಳಗಿಡಿ, ನೆರಳಲ್ಲಿ. ಫ್ರಿಜ್ ಇದ್ದವರು ಫ್ರೀಜರ್‌ನಲ್ಲಿಡಬೇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು, ಕರಗಿದರೂ ಬಾರದು.

ಡ್ಯಾನ್ಸ್ ಟೀಚರ್‌ಗಳು ನೋಡುತ್ತಿದ್ದರೆ, ವಿಂಗ್‌ನಲ್ಲಿ, ಅಂದರೆ ವೇದಿಕೆಯ ಪಕ್ಕದ ಮರೆಯಲ್ಲಿ, ಒಂದು ಲೋಟ ಸಕ್ಕರೆ ನೀರು ಇಡಿಸಿ, ಅದು ಯಾರಿಗೆ, ಯಾವಾಗ ಅಂತ ತಾಳ ಹಾಕುವವರಿಗೂ ಹೇಳಿರಿ. ಪ್ರಶ್ನೆ ಇದ್ದರೆ ಕಾಮೆಂಟ್‌ನಲ್ಲಿ ಕೇಳಿ. ಡೋಸ್ ಎಷ್ಟು ಅಂತ ಮಾತ್ರ ನನ್ನ ಕೇಳಬೇಡಿ, ಅದನ್ನು ನಿಮ್ಮ ಡಾಕ್ಟರೇ ಹೇಳಬೇಕು.