ಬಸುರಿಯ ರಕ್ತ ಪರೀಕ್ಷೆ, ಗಂಡನ ಚಿಕಿತ್ಸೆ

ಕೇಳುಗರಿಗೆ ನಮಸ್ಕಾರ.

ಬಸುರಿ ಹೆಣ್ಣುಮಕ್ಕಳು ಮೊದಲ ತಪಾಸಣೆಗೆ ಹೋದಾಗ ರಕ್ತ ತೆಗೆಯುತ್ತಾರೆ. ಹಿಮೋಗ್ಲೋಬಿನ್ ಎಷ್ಟಿದೆ ಅಂತ ಮನೆಯವರೆಲ್ಲ ವಿಚಾರಿಸುತ್ತಾರೆ. ಅದೇ ರಕ್ತದಲ್ಲಿ ಸಿಫಿಲಿಸ್ ಪರೀಕ್ಷೆಯೂ ಆಗಬೇಕು. ವಿಡಿಆರ್‌ಎಲ್ ಅಂತಲೋ ಆರ್‌ಪಿಆರ್ ಅಂತಲೋ ಬರೆದಿರುತ್ತಾರೆ. ಅದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಸಿಫಿಲಿಸ್ ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು. ಮೊದಲು ಏಳುವ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ತಾನಾಗಿಯೇ ಮಾಯುತ್ತದೆ. ಆದರೆ ರೋಗಾಣು ರಕ್ತದಲ್ಲೇ ಉಳಿದು, ಮಾಸು ದಾಟಿ ಕೂಸಿಗೆ ತಗಲುತ್ತದೆ. ಗರ್ಭ ಇಳಿಯಬಹುದು, ಕೂಸು ಹೊಟ್ಟೆಯಲ್ಲೇ ತೀರಿಕೊಳ್ಳಬಹುದು. ಹುಟ್ಟಿದಾಗ ಆರೋಗ್ಯವಾಗಿ ಕಂಡ ಮಗುವಿಗೂ ಕೆಲವು ವಾರಗಳಲ್ಲಿ ಮೂಗು ಬಿಡದೆ ಸೋರಬಹುದು, ಅಂಗೈ ಅಂಗಾಲಿನ ಚರ್ಮ ಸುಲಿಯಬಹುದು, ಎಲುಬಿನ ನೋವಿಗೆ ಅದು ಕೈಕಾಲು ಆಡಿಸುವುದನ್ನೇ ಬಿಡಬಹುದು. ಮುಂದೆ ಕಣ್ಣು, ಕಿವಿ ಕೆಡಬಹುದು.

ಇಷ್ಟೆಲ್ಲವನ್ನೂ ತಡೆಯುವುದು ಹಳೆಯ ಔಷಧಿ, ಬೆಂಜಥೀನ್ ಪೆನಿಸಿಲಿನ್. ಸೀಸೆಯ ಬಿಳಿ ಪುಡಿಗೆ ನೀರು ಬೆರೆಸಿದರೆ ಗಟ್ಟಿ ಹಾಲಿನಂತಾಗುತ್ತದೆ. ಕುಂಡಿಯ ಸ್ನಾಯುವಿಗೆ ನಿಧಾನವಾಗಿ ಚುಚ್ಚುತ್ತಾರೆ; ನೋವಾಗುತ್ತದೆ, ನಿಜ. ಸೋಂಕು ಹೊಸದಾದರೆ 24 ಲಕ್ಷ ಯೂನಿಟ್‌ನ ಒಂದೇ ಡೋಸ್. ಹಳೆಯದಾದರೆ, ಇಲ್ಲವೇ ಯಾವಾಗ ತಗಲಿತೆಂದು ತಿಳಿಯದಿದ್ದರೆ, ವಾರಕ್ಕೊಂದರಂತೆ ಮೂರು. ಹೆರಿಗೆಗೆ ಕನಿಷ್ಠ 30 ದಿನ ಮೊದಲೇ ಚಿಕಿತ್ಸೆ ಶುರುವಾಗಿರಬೇಕು. ಅದಕ್ಕೇ ಮೊದಲ ಮೂರು ತಿಂಗಳಲ್ಲೇ ಪರೀಕ್ಷೆ ಮಾಡಿಸಿ ಅನ್ನುವುದು. ಕ್ಯೂಬಾ 2015ರಲ್ಲಿ, ನೆರೆಯ ಶ್ರೀಲಂಕಾ 2019ರಲ್ಲಿ ತಾಯಿಯಿಂದ ಮಗುವಿಗೆ ಈ ರೋಗ ಹರಡುವುದನ್ನು ನಿವಾರಿಸಿದ ದೇಶಗಳೆಂದು ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಪಡೆದವು. ನಮ್ಮಿಂದಲೂ ಆಗುವ ಕೆಲಸವೇ ಇದು.

ಇನ್ನು ಗಂಡಸರಿಗೆ ನೇರವಾಗಿ ಹೇಳುತ್ತೇನೆ. ಹೆಂಡತಿಗೆ ಸೋಂಕು ಇದೆ ಅಂತ ಗೊತ್ತಾದರೆ ಅವಳನ್ನು ಬಯ್ಯಬೇಡಿ, ತವರಿಗೆ ಅಟ್ಟಬೇಡಿ. ಯಾರಿಂದ ಯಾರಿಗೆ ಬಂತು ಅನ್ನುವುದನ್ನು ಆ ಪರೀಕ್ಷೆ ಹೇಳುವುದಿಲ್ಲ. ನೀವೂ ರಕ್ತ ಕೊಡಿ, ನೀವೂ ಚಿಕಿತ್ಸೆ ತೆಗೆದುಕೊಳ್ಳಿ. ಅವಳೊಬ್ಬಳೇ ಸೂಜಿ ಹಾಕಿಸಿಕೊಂಡು ನೀವು ಸುಮ್ಮನಿದ್ದರೆ ಸೋಂಕು ಅವಳಿಗೆ ಮತ್ತೆ ತಗಲಬಹುದು, ಹೊಟ್ಟೆಯಲ್ಲಿರುವ ಮಗುವಿಗೂ. ಇಬ್ಬರ ಚಿಕಿತ್ಸೆ ಮುಗಿಯುವವರೆಗೆ ಲೈಂಗಿಕ ಸಂಪರ್ಕದಿಂದ ದೂರವಿರಿ. ಹೆಂಡತಿಯ ಜೊತೆ ಸರ್ಕಾರಿ ಆಸ್ಪತ್ರೆಗೆ ಬರಲು ಸಂಕೋಚವಾದರೆ ಲೈಂಗಿಕ ರೋಗಗಳಿಗೆಂದೇ ಸರ್ಕಾರ ನಡೆಸುವ ಸುರಕ್ಷಾ ಕ್ಲಿನಿಕ್‌ಗೆ ಒಬ್ಬರೇ ಹೋಗಿ. ಅಲ್ಲಿ ವಿಷಯ ಗುಟ್ಟಾಗಿಯೇ ಇರುತ್ತದೆ.

ಪೆನಿಸಿಲಿನ್ ಒಗ್ಗದವರು ಮೊದಲೇ ತಿಳಿಸಿ, ಅದಕ್ಕೂ ದೊಡ್ಡಾಸ್ಪತ್ರೆಯಲ್ಲಿ ದಾರಿಯಿದೆ.

ಹೆರಿಗೆಗೆ ತವರಿಗೆ ಹೋಗುವ ಹೆಣ್ಣುಮಕ್ಕಳು ತಾಯಿ ಕಾರ್ಡನ್ನು ಜೊತೆಗೇ ಒಯ್ಯಿರಿ. ಇಂಜೆಕ್ಷನ್ ಹಾಕಿದ ತಾರೀಖುಗಳು ಅದರಲ್ಲಿ ಬರೆದಿವೆಯೇ ನೋಡಿಕೊಳ್ಳಿ. ಹುಟ್ಟಿದ ಮಗುವಿಗೆ ಚಿಕಿತ್ಸೆ ಬೇಕೋ ಬೇಡವೋ ಅಂತ ಅಲ್ಲಿನ ಡಾಕ್ಟರು ತೀರ್ಮಾನಿಸಲು ಆ ತಾರೀಖುಗಳು ಬೇಕು.

ನಮಸ್ಕಾರ.