ಗಿರಾಕಿ ಯಾಕೆ ಬಂದ, ಎಷ್ಟು ಹೊತ್ತಿಗೆ ಬಂದ?

ಎಲ್ಲರಿಗೂ ನಮಸ್ಕಾರ. ಮುಂಬೈಯ ಮಾಟುಂಗಾದಲ್ಲಿ ನಿಂತು ಹೋಟೆಲ್ ಬಗ್ಗೆ ಮಾತಾಡಲು ಸ್ವಲ್ಪ ಅಳುಕು. ಇಲ್ಲಿ ಕೂತಿರುವವರಲ್ಲಿ ಅರ್ಧ ಜನ ಗಲ್ಲೆಯ ಪಕ್ಕದಲ್ಲೇ ಬೆಳೆದವರು. ಇಡ್ಲಿ-ಸಾಂಬಾರಿನ ವಿಷಯ ನೀವೇ ನನಗೆ ಹೇಳಬೇಕು. ಇವತ್ತು ನಾನು ಹೇಳುವುದು ಉಳಿದುಕೊಳ್ಳುವ ಹೋಟೆಲ್‌ಗಳ ಕಥೆ. ಈಗ ಮಕ್ಕಳು ಅಪ್ಪನ ಲಾಡ್ಜಿಂಗ್ ನೋಡಿಕೊಳ್ಳಲು ಶುರು ಮಾಡಿದ್ದಾರಲ್ಲ, ಮುಖ್ಯವಾಗಿ ಅವರಿಗೆ.

ಹೋಟೆಲ್ ಎಷ್ಟು ಬಗೆ ಅಂದ ಕೂಡಲೇ ಜನ ಸ್ಟಾರ್ ಎಣಿಸುತ್ತಾರೆ. ಒಂದರಿಂದ ಐದು, ಅದರ ಮೇಲೆ ಫೈವ್ ಸ್ಟಾರ್ ಡಿಲಕ್ಸ್. ಕೇಂದ್ರದ ಪ್ರವಾಸೋದ್ಯಮ ಸಚಿವಾಲಯದ ಸಮಿತಿಯವರು ಬಂದು ನೋಡಿ ಕೊಡುವುದು ಇದು. ಕಡ್ಡಾಯ ಏನಲ್ಲ, ಬೇಕಾದವರು ಅರ್ಜಿ ಹಾಕಬಹುದು. ಕೊಟ್ಟರೆ ಐದು ವರ್ಷಕ್ಕೆ. ರೂಮು ಎಷ್ಟು ದೊಡ್ಡದು, ಲಿಫ್ಟ್ ಇದೆಯಾ, ಇದೆಲ್ಲ ಅದರಿಂದ ಗೊತ್ತಾಗುತ್ತದೆ. ಗಿರಾಕಿ ಯಾರು ಅಂತ ಗೊತ್ತಾಗುವುದಿಲ್ಲ. ತೆರಿಗೆಯವರೂ ಸ್ಟಾರ್ ಕೇಳುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಶೇ 5 ಜಿಎಸ್‌ಟಿ, ಅದಕ್ಕಿಂತ ಜಾಸ್ತಿಯದಕ್ಕೆ ಶೇ 18. ಅಷ್ಟೇ ಲೆಕ್ಕ.

ನಾನು ಕೇಳುವುದು ಬೇರೆ: ಗಿರಾಕಿ ಯಾಕೆ ಬಂದ, ಎಷ್ಟು ಹೊತ್ತಿಗೆ ಬಂದ? ಊರಿಂದ ಬರುವವರದೇ ನೋಡಿ. ಮಂಗಳೂರಿನ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಬೆಳ್ಳಂಬೆಳಗ್ಗೆ ಕುರ್ಲಾ ಟರ್ಮಿನಸ್‌ಗೆ ಬರುತ್ತದೆ. ಮದುವೆಗೆ ಬಂದ ಎಂಟು ಜನ, ಹಲಸಿನ ಹಪ್ಪಳದ ಡಬ್ಬ, ನಿದ್ದೆಗಣ್ಣಿನ ಮಕ್ಕಳು. ಹೋಟೆಲಿನವರು ಹೇಳುತ್ತಾರೆ, ಚೆಕ್‌ಇನ್ ಮಧ್ಯಾಹ್ನ 12ಕ್ಕೆ ಅಂತ. ದೊಡ್ಡ ಕಡೆ 2 ಗಂಟೆ. ಮುಹೂರ್ತ 10ಕ್ಕಿದ್ದರೆ ಸೀರೆ ಉಡುವುದೆಲ್ಲಿ? ಹಳೇ ಸ್ಟೇಷನ್ ಲಾಡ್ಜ್‌ಗಳು ಇದಕ್ಕೆ ಎಂದೋ ದಾರಿ ಮಾಡಿಕೊಂಡಿವೆ. 24 ಗಂಟೆ ಲೆಕ್ಕ. ಬೆಳಿಗ್ಗೆ 7ಕ್ಕೆ ಬಂದರೆ ನಾಳೆ 7ಕ್ಕೆ ಬಿಟ್ಟರಾಯಿತು. ಆದರೆ ಇದು ಬಿಟ್ಟಿಯಾಗಿ ಆಗುವುದಲ್ಲ. ರಾತ್ರಿ 3ಕ್ಕೆ ರೂಮು ಖಾಲಿಯಾದರೆ ಆಗಲೇ ಗುಡಿಸಿ, ಚಾದರ ಬದಲಿಸಲು ಹುಡುಗರು ಇರಬೇಕು. ಇನ್ನೂರು ರೂಮಿನ ಹೋಟೆಲಿಗೆ ಅದು ತಲೆನೋವು. ಅದಕ್ಕೇ ಅವರು ಗಡಿಯಾರ ಬಿಡುವುದಿಲ್ಲ.

ರೈಲ್ವೆಯವರಿಗೂ ಇದು ಹೊಳೆಯಿತು. 2021ರ ನವೆಂಬರಿನಲ್ಲಿ ಮುಂಬೈ ಸೆಂಟ್ರಲ್ ಸ್ಟೇಷನ್ನಿನಲ್ಲಿ ಪಾಡ್ ಹೋಟೆಲ್ ಶುರುವಾಯಿತು. ಒಬ್ಬರು ಮಲಗುವಷ್ಟೇ ಜಾಗ. 12 ಗಂಟೆಗೂ ಸಿಗುತ್ತದೆ. ನನ್ನಂಥ ದಪ್ಪ ದೇಹದವರಿಗಲ್ಲ ಬಿಡಿ, ಆದರೆ ಇಂಟರ್ವ್ಯೂಗೆ ಬಂದ ಹುಡುಗನಿಗೆ ಇನ್ನೇನು ಬೇಕು?

ಬಿಕೆಸಿ, ಅಂದರೆ ದೊಡ್ಡ ಕಂಪನಿಗಳ ಆಫೀಸು ಇರುವ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ ಸುತ್ತಮುತ್ತ ಬೇರೆಯೇ ಲೋಕ. ಕಂಪನಿ ಕಳಿಸಿದವರು ಸೋಮವಾರ ಬಂದು ಗುರುವಾರ ಹೋಗುತ್ತಾರೆ. ಅವರಿಗೆ ಇಸ್ತ್ರಿ, ವೈಫೈ, ಬೇಗ ತಿಂಡಿ, ಕಂಪನಿ ಹೆಸರಿನ ಬಿಲ್ಲು ಸಾಕು. ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ತಪ್ಪಿದರೆ ಮಾತ್ರ ನಿಮ್ಮ ಕಥೆ ಮುಗಿಯಿತು. ಶನಿವಾರ ಅದೇ ಹೋಟೆಲ್ ಭಣಭಣ. ಅಮೆರಿಕದ ಕಾನ್ಸುಲೇಟ್ ಕೂಡ ಅಲ್ಲೇ ಇದೆ. ವೀಸಾಕ್ಕೆ ಬಂದ ಅಪ್ಪ-ಅಮ್ಮಂದಿರು ಒಂದೇ ರಾತ್ರಿ ಉಳಿಯುತ್ತಾರೆ. ದೊಡ್ಡ ಬ್ಯಾಗ್ ಕಾನ್ಸುಲೇಟಿನೊಳಗೆ ಬಿಡುವುದಿಲ್ಲ, ಅದನ್ನು ಇಟ್ಟುಕೊಳ್ಳುವ ರಿಸೆಪ್ಶನ್ ಹುಡುಗನೇ ಅವರಿಗೆ ದೇವರು.

ತಾಜ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1903ರಲ್ಲಿ ಜಮ್‌ಶೆಡ್‌ಜಿ ಟಾಟಾ ತೆರೆದದ್ದು ಎಲ್ಲರಿಗೂ ಗೊತ್ತು. ಅಲ್ಲಿಗೆ ಬರುವವರಲ್ಲಿ ಎಷ್ಟೋ ಜನಕ್ಕೆ ಆ ಹೋಟೆಲೇ ಬಂದ ಕಾರಣ.

ನನಗೆ ಹೇಳಬೇಕಿರುವುದು ಪರೇಲ್ ಬಗ್ಗೆ. ಅಲ್ಲಿ 1941ರಿಂದ ಕ್ಯಾನ್ಸರಿನ ಟಾಟಾ ಮೆಮೋರಿಯಲ್ ಆಸ್ಪತ್ರೆ ಇದೆ. ನಮ್ಮ ಕಡೆಯಿಂದಲೂ ಜನ ಬರುತ್ತಾರೆ. ಈ ಗಿರಾಕಿಯನ್ನು ಯಾವ ಸ್ಟಾರ್ ಪಟ್ಟಿಯೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಕೌಂಟರಿಗೆ ಬಂದವರ ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ರಿಪೋರ್ಟಿನ ದಪ್ಪ ಫೈಲು. ‘ಎಷ್ಟು ದಿನ ಇರ್ತೀರಿ?’ ಅಂದರೆ ಉತ್ತರ ಇಲ್ಲ. ಡಾಕ್ಟರ್ ಹೇಳಿದ ಮೇಲೆ ತಾನೇ? ರೇಡಿಯೇಶನ್ ಅಂದರೆ ವಾರಕ್ಕೆ ಐದು ದಿನದಂತೆ ಎಷ್ಟೋ ವಾರ ಹಿಡಿಯಬಹುದು. ದಾದರಿನ ಗಾಡಗೆ ಮಹಾರಾಜ್ ಧರ್ಮಶಾಲೆಯಂಥ ಕಡೆ ಜಾಗ ಸಿಕ್ಕವರು ಪುಣ್ಯವಂತರು. ಉಳಿದವರು ಲಾಡ್ಜ್ ಹುಡುಕಬೇಕು. ದಿನಬಾಡಿಗೆಯಲ್ಲಿ ಊರಿನ ಗದ್ದೆ ಕರಗುತ್ತದೆ.

ಇವರಿಗೆ ಟಿವಿ, ಎಸಿ ಬೇಡ. ಮೆಟ್ಟಿಲು ಕಡಿಮೆ ಇರಬೇಕು, ಕೂರುವ ಕಮೋಡ್ ಬೇಕು, ಬೆಳಿಗ್ಗೆ ಆಸ್ಪತ್ರೆಗೆ ಹೊರಡುವ ಮೊದಲು ಒಂದು ಬಕೆಟ್ ಬಿಸಿನೀರು ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಗಂಜಿ ಬೇಯಿಸಲು ಜಾಗ. ಕೀಮೋ ಆದವರಿಗೆ ಎಷ್ಟೋ ಸಲ ಹೋಟೆಲ್ ಊಟ ಸೇರುವುದಿಲ್ಲ, ನಮ್ಮ ಊಟವೂ ಅಷ್ಟೆ! ರೂಮಿನಲ್ಲಿ ಕದ್ದು ಸ್ಟವ್ ಹಚ್ಚುತ್ತಾರೆ, ನಾವು ಬೈಯುತ್ತೇವೆ. ಬೈಯುವ ಬದಲು ಒಂದು ರೂಮನ್ನು ಎಲ್ಲರ ಅಡುಗೆಮನೆ ಮಾಡಬಹುದಲ್ವಾ? ಗ್ಯಾಸ್ ಬೇಡ, ಎರಡು ಇಂಡಕ್ಷನ್ ಒಲೆ ಸಾಕು. ವೈರಿಂಗ್ ಮೊದಲು ತೋರಿಸಿಕೊಳ್ಳಿ. ವಾರದ ಬಾಡಿಗೆ, ತಿಂಗಳ ಬಾಡಿಗೆ ಅಂತ ಬೇರೆ ರೇಟು ಬರೆದು ಗೋಡೆಗೆ ಅಂಟಿಸಿ. ಒಂದು ರೂಮಿನ ಬಾಡಿಗೆ ಹೋಗುತ್ತದೆ, ನಿಜ. ಆದರೆ ಮಳೆಗಾಲದಲ್ಲೂ ಉಳಿದ ರೂಮುಗಳು ಖಾಲಿ ಬೀಳುವುದಿಲ್ಲ. ಪರೇಲ್, ದಾದರ್ ಕಡೆ ಲಾಡ್ಜ್ ಇರುವವರು ಈಗ ಚಹಾದ ಹೊತ್ತಿಗೆ ನನ್ನ ಹತ್ತಿರ ಬನ್ನಿ, ಲೆಕ್ಕ ಹಾಕಿ ನೋಡೋಣ.